ಕೋಟಿನ ಬಲತೋಳು

ಹಲೋ… ಯಾರು ಮಾತಾಡೋದು?

… ಹಾಂ? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಹೊಲಿಗೆ ಮಿಷನ್ ಓಡ್ತಾ ಇದೆ. ಇರಿ, ನಿಲ್ಲಿಸ್ತೀನಿ. ಹಾಂ, ಈಗ ಹೇಳಿ. ಪ್ಯಾಂಟ್ ಕೇಳೋಕೆ ಮಾಡಿದ್ರೆ ಇನ್ನೂ ಆಗಿಲ್ಲ, ನಾಳೆ ಬನ್ನಿ. ನಿನ್ನೆನೂ ನಾಳೆ ಅಂದಿದ್ನಾ? ಹಾಗಾದ್ರೆ ನಾಡಿದ್ದು ಬನ್ನಿ…

… ಯಾರು? … ಏ, ನೀನೇನೇ ಕತ್ತರಿ? ಇದ್ಯಾರ ನಂಬರಿಂದ ಮಾಡ್ತಿದ್ದೀಯ? ಯಾರೋ ಗಿರಾಕಿ ಅಂದ್ಕೊಂಡು ಹೋಗಿ ಬನ್ನಿ ಅಂತ ಮಾತಾಡ್ತಾ ಇದ್ದೀನಿ. ಸ್ವಂತ ತಂಗಿಗೆ ಅಷ್ಟು ಮರ್ಯಾದೆ ಕೊಟ್ಟು ದಂಡ ಆಯ್ತಲ್ಲೇ!

… ನಿನ್ನ ಫೋನಲ್ಲಿ ಚಾರ್ಜ್ ಇಲ್ವಾ. ಯಾವತ್ತಿತ್ತು ಹೇಳು. ಕಪ್ಪು ದಾರ ತರ್ತೀನಿ ಅಂತ ಹೋದವಳು, ಅಲ್ಲೇ ನೂಲೋಕೆ ಕೂತ್ಯೇನೋ ಅಂದ್ಕೊಂಡೆ. ಎಲ್ಲಿದ್ದೀಯ ಈಗ?

… ಎಲ್ಲಿ? … ಟಿಕೆಟ್ ಆಫೀಸಲ್ಲಾ? ಯಾವ ಟಿಕೆಟ್ಟು, ಬಸ್ಸಿಂದಾ? … ವಿಮಾನದ್ದಾ!

… ಒಂದು ನಿಮಿಷ ಇರು. ತುತ್ತೂರಿಯವರೇ, ಆ ಪರದೆ ಹಿಂದೆ ಹೋಗಿ ಕೋಟು ಹಾಕ್ಕೊಂಡು ನೋಡ್ತಾ ಇರಿ. ನನ್ನ ತಂಗಿ ಫೋನು. ಹೌದು, ಅವಳೇ, ಬಟ್ಟೆ ಕತ್ತರಿಸೋಳು. ಬಟ್ಟೆ ಸಾಲದು ಅಂತ ಈಗ ನನ್ನ ತಲೆ ತಿನ್ನೋಕೆ ಮಾಡಿದ್ದಾಳೆ…

… ಹಾಂ, ಹೇಳು. ನಮ್ಮ ಬ್ಯಾಂಡಿನವರು ಕಣೇ, ತುತ್ತೂರಿ ಊದೋರು. ಸಂಜೆ ಕಾರ್ಯಕ್ರಮ ಅಂತೆ, ಹೊಸ ಕೋಟು ಹಾಕ್ಕೊಂಡೇ ಊದಬೇಕಂತೆ. ಅದಿರ್ಲಿ. ವಿಮಾನ ಅಂದ್ರೆ, ನಮ್ಮ ಗುಂಡಿ ಹುಡುಗಿ ಇರೋ ದೇಶಕ್ಕಾ? … ಗೊತ್ತಿತ್ತು ನಂಗೆ. ನಮ್ಮ ಅಂಗಡೀಲಿ ಅಂಗಿಗೆ ಗುಂಡಿ ಹೊಲ್ಕೊಂಡಿದ್ದ ಹುಡುಗಿ. ಸಮುದ್ರ ದಾಟಿದ್ದೇ ತಡ, ನೀನೂ ಬಾ ನೀನೂ ಬಾ ಅಂತ ನಿನ್ನ ಕಿವಿ ಊದ್ತಾನೇ ಇದ್ದಾಳೆ.

… ಕೆಲಸದ ಪತ್ರ ಬಂತಾ? … ಅಲ್ವೇ, ನಾನು ಕೇಳಿದ್ದು ಬಂತಾ ಇಲ್ವಾ ಅಂತ. … ಇಲ್ಲ. ಹಾಗಂತ ಸೀದಾ ಹೇಳು, ಬರೋ ಹಾಗಿದೆ ಅಂತ ಎಳೀಬೇಡ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರು ಅಂತ ಗಾದೆ ಕೇಳಿದ್ದೆ. ನೀನು ಕೂಸಿಗೆ ಕೋಟು, ಪ್ಯಾಂಟು, ಜೇಬು ಎಲ್ಲಾ ಹೊಲಿದು ಇಸ್ತ್ರಿನೂ ಮಾಡಿಬಿಟ್ಟಿದ್ದೀಯ.

… ವೀಸಾ ಇದೆ, ಗೊತ್ತು. ಕೆಲಸ ಹುಡುಕೋಕೆ ಬಾ ಅಂತ ಕೊಟ್ಟಿರೋ ವೀಸಾ ಅದು. ಕೆಲಸ ಇದೆ ಬಾ ಅಂತ ಅಲ್ಲ. ಊಟಕ್ಕೆ ಬನ್ನಿ ಅನ್ನೋದು ಬೇರೆ, ನಮ್ಮನೇಲಿ ಒಲೆ ಇದೆ ಬನ್ನಿ ಅನ್ನೋದು ಬೇರೆ. ಅಲ್ವಾ?

… ಏನು, ಅದರ ಅವಧಿ ಮುಗಿಯೋಕೆ ಬಂತಾ? … ಈ ವಾರ ಬಿಟ್ರೆ ಸೀಟೂ ಇಲ್ವಂತಾ? ಹಾಗಂತ ಯಾರು ಹೇಳಿದ್ದು, ಆ ಕೌಂಟರಲ್ಲಿ ಕೂತಿರೋರಾ? ನಾವೂ ಅದನ್ನೇ ತಾನೆ ಹೇಳೋದು, ಇದೇ ಕೊನೇ ತುಂಡು, ಬಿಟ್ರೆ ಸಿಗಲ್ಲ ಅಂತ! ವ್ಯಾಪಾರದವಳಾಗಿ ನೀನೇ ನಂಬಿಬಿಟ್ರೆ ಹೆಂಗೆ?

… ಸರಿ, ಇಳಿದೆ ಅಂತ ಇಟ್ಕೋ. ಗುಂಡಿ ಮನೆ ಸೋಫಾ ಮೇಲೆ ಮಲಗ್ದೆ. ಬೆಳಿಗ್ಗೆ ಎದ್ದೆ. ಹಲ್ಲುಜ್ಜಿದೆ. ಆಮೇಲೆ? … ಅಲ್ಲ, ಆಮೇಲೆ ಎಲ್ಲಿಗೆ ಹೋಗ್ತೀಯ? … ಆ ನಾಟಕದವರ ವೇಷ ಹೊಲಿಯೋ ಮನೆಗೆ, ಕೆಲಸ ಕೇಳೋಕೆ. ಹೋಗಿ ಬಾಗಿಲು ತಟ್ತೀಯ. ಅವರು ಬಾಗಿಲು ತೆಗೆದು, ಅಯ್ಯೋ ತಾಯಿ, ಈಗ ಬಂದ್ರಾ, ನಿಮಗೋಸ್ಕರಾನೇ ರಾಜನ ನಿಲುವಂಗಿ ಕತ್ತರಿಸದೆ ಇಟ್ಕೊಂಡಿದ್ವಿ ಅಂತಾರೆ. ಹಂಗೇನಾ?

… ನಗ್ಬೇಡ. ನಾನು ನಿಜವಾಗ್ಲೂ ಬೈತಾ ಇದ್ದೀನಿ.

… ಅವರು ಬರೆದಿದ್ದು ನಂಗೆ ಬಾಯಿಪಾಠ ಆಗಿದೆ ಕಣೇ, ಅಷ್ಟು ಸಲ ಓದಿ ಹೇಳಿದ್ದೀಯ. 'ನೀವು ಕಳಿಸಿದ ಫೋಟೋಗಳು ಚೆನ್ನಾಗಿವೆ. ನಮ್ಮ ಮೇಜಿನ ಮೇಲೆ ಒಂದು ಬಟ್ಟೆ ಕತ್ತರಿಸಿ ತೋರಿಸಿ, ಆಮೇಲೆ ಮುಂದಿನ ಮಾತು.' ಇದಕ್ಕೆ ಕೆಲಸ ಕೊಟ್ಟಿದ್ದಾರೆ ಅಂತಾರಾ? ಸಮುದ್ರ ದಾಟಿ ಹೋಗಿ ಪರೀಕ್ಷೆಗೆ ಕೂರೋದು! ಫೇಲಾದ್ರೆ?

… ಏನಂದೆ? … ಇನ್ನೊಂದ್ಸಲ ಹೇಳು.

… ಅದು ಬೇರೆ! ನಾನು ಗುಂಡೀನ ಕೆಲಸಕ್ಕೆ ತಗೊಂಡಿದ್ದು ಬೇರೆ ವಿಷಯ. … ಹೌದು, ಅರ್ಧ ದಿನ ಕೂರಿಸಿ ಹಳೇ ಅಂಗಿಗೆ ಗುಂಡಿ ಹೊಲಿಸಿ ನೋಡ್ದೆ. … ಹೌದಮ್ಮಾ, ಆಮೇಲೇ ನಾಳೆಯಿಂದ ಬಾ ಅಂದಿದ್ದು. ಕೈ ನೋಡದೆ ಯಾರಿಗೂ ಕೆಲಸ ಕೊಡಬಾರದು ಅನ್ನೋದು ಅಮ್ಮ ಈ ಅಂಗಡಿ ತೆಗೆದಾಗಿಂದ ಇರೋ ಪದ್ಧತಿ. … ಹಾಂ. … ಅವರೂ ಅದನ್ನೇ ತಾನೆ ಮಾಡ್ತಿರೋದು ಅಂತೀಯಾ. … ಹಾಂ. … ನೋಡು, ವಾದದಲ್ಲಿ ಅಮ್ಮನ್ನ ಮಧ್ಯೆ ತರ್ಬೇಡ. … ತಂದಿದ್ದು ನಾನಾ? … ಸರಿ, ನಾನೇ. ಆದ್ರೂ ತರ್ಬೇಡ.

… ಗುಂಡಿ ಬಸ್ಸಲ್ಲಿ ಬಂದಿದ್ಲು ಕಣೇ! ಬೇಡ ಅಂದಿದ್ರೆ ಅದೇ ಬಸ್ಸಲ್ಲಿ ಮನೆಗೆ ಹೋಗ್ತಿದ್ಲು. ನೀನೇನು ಈಜ್ಕೊಂಡು ಬರ್ತೀಯಾ? ಬಕೆಟ್ ತುಂಬಾ ನೀರು ಕಂಡ್ರೆ ಹೆದರೋಳು ನೀನು.

… ಗೊತ್ತು ಕಣೇ, ನಿನ್ನ ಆಸೆ ನಂಗೆ ಗೊತ್ತಿಲ್ವಾ? ಚಿಕ್ಕೋಳಿದ್ದಾಗ್ಲೂ ಗೊಂಬೆಗೆ ನಿಲುವಂಗಿ ಬೇಕು ಅಂತ ಪರದೆ ಕತ್ತರಿಸಿ ಒದೆ ತಿಂದವಳು. ಆದ್ರೆ ಇಡೀ ಬೀದಿ ನಮ್ಮಿಬ್ಬರನ್ನ ಸೂಜಿ-ಕತ್ತರಿ ಅಂತ ಕರೆಯುತ್ತೆ. ಕತ್ತರಿ ಹೊರಟುಹೋದ್ರೆ ಸೂಜಿ ಏನು ಮಾಡ್ಬೇಕು? ಬರೋರಿಗೆಲ್ಲ ಚುಚ್ಕೊಂಡು ಕೂರ್ಬೇಕಾ? … ಈಗ್ಲೂ ಅದನ್ನೇ ಮಾಡ್ತಿದ್ದೀನಾ! ಬಾ ನೀನು ಮನೆಗೆ.

… ಏನು ತುತ್ತೂರಿಯವರೇ? … ಬಿಗಿನಾ? ಹೊಸ ಕೋಟು ಹಾಗೇ ಇರುತ್ತೆ, ನಾಲ್ಕು ಸಲ ಊದಿದ್ರೆ ತಾನಾಗೇ ಸರಿಹೋಗುತ್ತೆ. ಎಲ್ಲಿ, ಎಡಗೈ ಎತ್ತಿ. ಆಹಾ! ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಈಗ ಬಲಗೈ.

… ಬಲಗೈ ಎತ್ತಿ ಅಂದೆ. … ಅದ್ಯಾಕೆ ಹಿಂದಕ್ಕೆ ಹೋಗ್ತಿದೆ? ಮುಂದಕ್ಕೆ ತನ್ನಿ, ಬಾಯಿ ಹತ್ರ, ತುತ್ತೂರಿ ಹಿಡಿಯೋ ಹಾಗೆ. … ಬರ್ತಿಲ್ವಾ?

… ಏ, ಲೈನಲ್ಲೇ ಇರೇ, ಇಲ್ಲೊಂದು ಪವಾಡ ನಡೀತಾ ಇದೆ. ಇವರ ಬಲತೋಳು ಬೆನ್ನು ನೋಡ್ತಾ ಇದೆ. ಬೆನ್ನು ತುರಿಸ್ಕೊಳ್ಳೋಕೆ ಭಾರಿ ಅನುಕೂಲ, ಊದೋಕೆ ಮಾತ್ರ ಆಗಲ್ಲ. ಅಲ್ಲಾಡ್ಬೇಡಿ, ನೋಡ್ತೀನಿ. ತೋಳಿನ ಬಾಗು ಹಿಂದುಮುಂದಾಗಿ… ಅಯ್ಯಯ್ಯೋ!

… ಎರಡೂ ಎಡತೋಳು ಕಣೇ! ಎರಡೂ ಎಡವೇ! ನೋಡಿದ್ಯಾ ನಿನ್ನ ಗತಿ? ಮೈ ಇಲ್ಲಿ, ಮನಸ್ಸು ವಿಮಾನದಲ್ಲಿ. ಹೀಗೆ ಕತ್ತರಿಸೋಳನ್ನ ಆ ನಾಟಕದವರು ಮೇಜಿನ ಹತ್ರ ಬಿಟ್ಕೋತಾರಾ? ರಾಜ ಕತ್ತಿ ಎತ್ತೋಕೆ ಹೋಗಿ ಬೆನ್ನು ತುರಿಸ್ಕೊಂಡ್ರೆ ಯುದ್ಧ ಗೆದ್ದ ಹಾಗೇ!

… ಏನು? ನೀನು ಕತ್ತರಿಸಿಲ್ವಾ? ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ಈ ಅಂಗಡೀಲಿ ನೀನು ಬಿಟ್ರೆ ಕತ್ತರಿ ಮುಟ್ಟೋರು ಯಾರೇ ಇದ್ದಾರೆ…

… ಹಾಂ.

… ಕೆಂಪು ಕೋಟು, ಹೌದು. … ನೀನು ಹಲ್ಲು ಕೀಳಿಸೋಕೆ ಹೋಗಿದ್ದ ದಿನ. … ಹಾಂ.

… ಸರಿ. ನಾನೇ ಕತ್ತರಿಸಿದ್ದು. ಬೈಯೋ ರಭಸದಲ್ಲಿ ಮರೆತೇ ಹೋಗಿತ್ತು, ಏನೀಗ? … ಎಷ್ಟು ಜೋರಾಗಿ ನಗ್ತೀಯೇ, ಎದ್ದು ಹೊರಗೆ ಹೋಗಿ ಅಂತಾರೆ ಆ ಆಫೀಸಿನೋರು.

… ತೋಳಿನ ಅಳತೆಯ ಕಾಗದ ಮಗುಚಿ ಇಡೋದು ಮರೆತೆ. ಒಂದು ತೋಳು ಗೆರೆ ಹಾಕ್ಕೊಂಡೆ, ಅದೇ ಕಾಗದ ಹಾಗೇ ಪಕ್ಕಕ್ಕೆ ಸರಿಸಿ ಇನ್ನೊಂದಕ್ಕೂ ಹಾಕ್ಕೊಂಡೆ. … ಹೊಲಿಯುವಾಗ್ಲಾ? ಹೊಲಿಯುವಾಗ ಸ್ವಲ್ಪ ಎಳೀತು. ನೀನು ಕತ್ತರಿಸಿ ಕೊಟ್ಟಿದ್ದನ್ನ ಕಣ್ಣು ಮುಚ್ಕೊಂಡು ಹೊಲಿದೇ ಅಭ್ಯಾಸ ನಂಗೆ. ನನ್ನದನ್ನೂ ಹಾಗೇ ಹೊಲಿದುಬಿಟ್ಟೆ.

… ಯಾಕೆ ಅಂದ್ರೆ? ಸುಮ್ನೆ. … ಸುಮ್ನೆ ಅಂದ್ನಲ್ಲ! … ಬೇರೆಯದಾ? ಆ ನೀಲಿ ಪ್ಯಾಂಟೂ ನಾನೇ. … ಮೇಷ್ಟರ ಅಂಗಿನೂ ನಾನೇ. … ಚೆನ್ನಾಗಿತ್ತಾ? ನಿಜವಾಗ್ಲೂ? ನೀನೇ ಕತ್ತರಿಸಿ ಮರೆತಿದ್ದೀಯ ಅಂದ್ಕೊಂಡ್ಯಾ? … ಇನ್ನೊಂದು ಸಲ ಹೇಳೇ, ಮಿಷನ್ ಶಬ್ದಕ್ಕೆ ಕೇಳಿಸ್ಲಿಲ್ಲ. … ಮಿಷನ್ ನಿಂತಿದೆ, ಗೊತ್ತು. ಆದ್ರೂ ಹೇಳು.

… ಯಾಕೆ ಅಂತ ನಿಂಗೆ ಗೊತ್ತಾಗಲ್ವಾ? ವೀಸಾ ಬಂದ ದಿನ ನೀನು ಕುಣಿದಾಡಿದೆ, ನಾನು ಬೈದೆ. ಬೈದು ಒಳಗೆ ಹೋಗಿ ಯೋಚನೆ ಮಾಡ್ದೆ, ಇವಳು ಹೋದ್ರೆ ಕತ್ತರಿ ಹಿಡಿಯೋರು ಯಾರು ಅಂತ. ಅಮ್ಮನ ಮೇಜಿನ ಹತ್ರ ಇನ್ಯಾರನ್ನೋ ತಂದು ನಿಲ್ಲಿಸೋಕೆ ನಂಗಿಷ್ಟ ಇಲ್ಲ. ಅದಕ್ಕೇ ನೀನು ಹೊರಗೆ ಹೋದಾಗೆಲ್ಲ ಕಳ್ಳಬೆಕ್ಕಿನ ಹಾಗೆ ಕತ್ತರಿ ಹಿಡೀತಿದ್ದೆ. ದಾರ ತಾ, ಗುಂಡಿ ತಾ ಅಂತ ದಿನಾ ನಿನ್ನ ಪೇಟೆಗೆ ಅಟ್ಟಿದ್ದು ಇನ್ಯಾಕೆ? ಅಂಗಡೀಲಿ ಕಪ್ಪು ದಾರ ಎಷ್ಟಿದೆ ಗೊತ್ತಾ? ಆನೆಗೆ ಅಂಗಿ ಹೊಲೀಬಹುದು!

… ಏ… ಏ, ಅಳ್ಬೇಡ್ವೇ. ಈಗ ತಾನೆ ನಗ್ತಿದ್ದೆ. ಬೇರೆಯವರ ಫೋನು, ನೆನೆಯುತ್ತೆ.

… ಏನಂದೆ? ಹೋಗಲ್ವಾ? … ವಾಪಸ್ ಬಂದುಬಿಡ್ತೀಯಾ? ಯಾಕೆ, ಎರಡು ಎಡತೋಳಿಗೋಸ್ಕರನಾ? ಒಂದು ತೋಳು ಉಲ್ಟಾ ಆದ್ರೆ ಅಂಗಡಿ ಮುಳುಗಲ್ಲ. ಸುಮ್ನೆ ಅಲ್ಲೇ ಕೂತ್ಕೋ. ಆ ಕುರ್ಚಿ ಬಿಟ್ಟು ಎದ್ರೆ ಕಾಲು ಮುರೀತೀನಿ!

… ಹೌದು, ಇಷ್ಟೊತ್ತೂ ಬೇಡ ಅಂದೆ. ಬೇಡ ಅನ್ನೋದು ಅಕ್ಕನ ಕೆಲಸ, ನಾನಲ್ದೆ ಇನ್ಯಾರು ಅಂತಾರೆ? ಭಯ ಕಣೇ ನಂಗೆ. ಕೆಲಸ ಸಿಗದೆ ಆ ಸೋಫಾ ಮೇಲೆ ಒಬ್ಬಳೇ ಕೂತು ಅಳ್ತೀಯೇನೋ ಅಂತ ಭಯ. ಸಿಕ್ಕಿಬಿಟ್ರೆ ಅಲ್ಲೇ ಉಳ್ಕೋತೀಯ ಅಂತ ಇನ್ನೊಂದು ಭಯ. ಈ ಎರಡನೇದೇ ಜಾಸ್ತಿ, ಅದನ್ನೂ ಹೇಳಿಬಿಡ್ತೀನಿ. ಎದುರುಗಡೆ ನೀನಿಲ್ದೆ ನಾನು ಯಾರ ಜೊತೆ ಜಗಳ ಆಡ್ಲಿ?

… ಕೇಳು ಇಲ್ಲಿ. ಬಟ್ಟೆ ಹೊಲಿಯುವಾಗ ಒಳಗಡೆ ಸ್ವಲ್ಪ ಜಾಸ್ತಿ ಬಿಟ್ಟಿರ್ತೀವಲ್ಲ, ಯಾಕೆ? … ಹಾಂ, ಬೇಕಾದ್ರೆ ಬಿಚ್ಚಿ ಸರಿಮಾಡೋಕೆ. ನಿಂಗೂ ಹಾಗೇ ಬಿಟ್ಟಿರ್ತೀನಿ. ಅವರಿಗೆ ನಿನ್ನ ಕೈ ಹಿಡಿಸ್ಲಿಲ್ವಾ, ವಾಪಸ್ ಬಾ. ಮೇಜು ಇಲ್ಲೇ ಇರುತ್ತೆ. ಬೈಯೋಕೆ ನಾನೂ ಇರ್ತೀನಿ. ಆದ್ರೆ ಹಿಡಿಸುತ್ತೆ. ಆ ಕೈನ ದಿನಾ ನೋಡ್ತಿರೋಳು ನಾನು.

… ಒಳ್ಳೆ ಕತೆ ಆಯ್ತಲ್ಲ! ಈಗ ನೀನು ಬೇಡ ಅಂತೀಯ, ನಾನು ಹೋಗು ಅಂತೀನಿ. ತುತ್ತೂರಿಯವರೇ, ನೀವೇ ಹೇಳಿ, ಹೋಗ್ಬೇಕೋ ಬೇಡ್ವೋ? … ಮೊದಲು ನನ್ನ ಕೈ ಬಿಡಿಸಿ ತಾಯಿ ಅಂತಿದ್ದಾರೆ. ಪಾಪ, ಅವರ ಕಷ್ಟ ಅವರಿಗೆ. ಇರಿ, ಬಿಚ್ತೀನಿ.

… ಏನದು ಟರ್ರ್ ಅಂತ ಶಬ್ದ? … ಪ್ರಿಂಟಾ? ಏನು ಪ್ರಿಂಟು? … ಟಿಕೆಟ್ಟಾ! ಆ ಕೌಂಟರಿನೋರಿಗೆ ಯಾವಾಗ ಹೂಂ ಅಂದೆ? … ಕಾಲು ಮುರೀತೀನಿ ಅಂದ ಕೂಡ್ಲೇನಾ? ಮತ್ತೆ ಆಮೇಲೆ ನಾನು ಅಷ್ಟೊತ್ತು ಗಂಟಲು ಹರ್ಕೊಂಡಿದ್ದು? … ಕೇಳೋಕೆ ಚೆನ್ನಾಗಿತ್ತು ಅಂತ ಹೋಗಲ್ಲ ಹೋಗಲ್ಲ ಅಂತ ನಾಟಕ ಆಡಿದ್ಯಾ! ಕಳ್ಳಿ. ಕಳ್ಳಿ ಕಣೇ ನೀನು.

… ಹಾಂ. … ಇಲ್ಲ, ಅಳ್ತಿಲ್ಲ. … ಅಳ್ತಿದ್ದೀನಿ, ಏನೀಗ? ಅಳೋಕೂ ನಿನ್ನ ಅಪ್ಪಣೆ ಬೇಕಾ?

… ಬೇಡ, ಓಡಿ ಬರ್ಬೇಡ. ನೀನು ಬಂದು ಕತ್ತರಿಸೋಷ್ಟರಲ್ಲಿ ಇವರ ಕಾರ್ಯಕ್ರಮ ಮುಗಿದು ಕುರ್ಚಿ ಮಡಚ್ತಾ ಇರ್ತಾರೆ. ಅಲ್ಲಿಂದಲೇ ಹೇಳು, ನಾನು ಕತ್ತರಿಸ್ತೀನಿ. … ಇದೆ, ಮಿಕ್ಕ ಬಟ್ಟೆ ಇದೆ. ಗಿರಾಕಿ ಕೋಟು ಹಾಕ್ಕೊಂಡು ಮನೆ ಸೇರೋವರೆಗೂ ತುಂಡು ಎಸೀಬೇಡ ಅಂತ ನೀನೇ ತಾನೆ ಹೇಳೋದು. ಸ್ಪೀಕರಿಗೆ ಹಾಕ್ತೀನಿ, ಇರು. ಹಾಂ, ಹೇಳು.

… ಹರಡ್ದೆ. ಹೊಳೆಯೋ ಮುಖ ಮೇಲೆ. … ಕಾಗದ ಇಟ್ಟೆ. … ಹೌದು, ಮಗುಚಿದ್ದೀನಿ! ಎರಡನೇ ಸಲ ಮರೀತೀನಾ? ಬಾಗು ಈಗ ಆ ಕಡೆ ತಿರುಗಿದೆ. … ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಒಳಗಡೆ ಜಾಸ್ತಿ ಬಿಟ್ಟಿದ್ದೀನಿ. … ತಗೊಂಡೆ, ನಿನ್ನ ಕತ್ತರಿನೇ. … ನಗ್ಬೇಡ. ಭುಜದ ಕಡೆಯಿಂದ ಶುರು ಮಾಡ್ಲಾ, ಮುಂಗೈ ಕಡೆಯಿಂದ್ಲಾ?

… ಹಲೋ? … ಎಲ್ಲಿಂದ ಅಂದೆ?

… ಹಲೋ? … ಏ, ಇದ್ದೀಯೇನೇ? … ಹಲೋ?

… ಲೈನ್ ಹೋಯ್ತು. ಕೂತ್ಕೊಳ್ಳಿ ತುತ್ತೂರಿಯವರೇ. … ಇಲ್ಲ, ಅವಳು ಮತ್ತೆ ಮಾಡೋವರೆಗೂ ಕಾಯೋದು ಬೇಡ. ಇನ್ನು ಮೇಲೆ ಇಲ್ಲಿ ಕತ್ತರಿಸೋಳು ನಾನೇ.