ತೊಲೆ ಕಂಬ ಸೇರುವಲ್ಲಿ

…ಬಲಗೈ ಇನ್ನೂ ಸ್ವಲ್ಪ ಮೇಲೆತ್ತಿ ಮಾವ. ಹಾಂ, ಈಗ ತೋಳೊಳಗೆ ಬಂತು. ಈ ಕೋಟು ಹೊಲಿಸಿದಾಗ ನೀವು ಇನ್ನೂ ಮೈಕೈ ತುಂಬ್ಕೊಂಡಿದ್ರಿ, ಈಗ ಹೆಗಲು ಜೋತುಬಿದ್ದಿದೆ. ಇರಲಿ, ವೇದಿಕೆ ಮೇಲೆ ಕೂತರೆ ಯಾರಿಗೂ ಕಾಣಲ್ಲ. ಗುಂಡಿ ನಾನು ಹಾಕ್ತೀನಿ. ಅತ್ತೆ ಆಗಲೇ ತಯಾರಾಗಿ ಕೆಳಗೆ ಕೂತಿದ್ದಾರೆ. ನಿಮ್ಮ ಮಗ ಕ್ಲಿನಿಕ್ ಮುಚ್ಚಿ ಕಾರು ತಗೊಂಡು ಬರ್ತಾರೆ. ಸಭೆಗೆ ನಿಮ್ಮ ಹಳೇ ಶಿಷ್ಯರೆಲ್ಲ ಬರ್ತಿದ್ದಾರಂತೆ. ಕಮ್ಮಿ ಕಬ್ಬಿಣದಲ್ಲಿ ಗಟ್ಟಿ ಕಟ್ಟಡ ಕಟ್ಟೋದು ಹೇಳಿಕೊಟ್ಟ ಗುರುಗಳಿಗೆ ಸನ್ಮಾನ ಅಂದಮೇಲೆ ಬರದೆ ಇರ್ತಾರಾ.

ಮತ್ತೆ ಅದೇ ನೋಟ. ನಿನ್ನೆ ಲ್ಯಾಬಲ್ಲಿ ಮಾಡಿದ ಟೆಸ್ಟ್ ಬಗ್ಗೆ ತಾನೆ? ಮನೆಗೆ ಬಂದ ತಕ್ಷಣ ಹೇಳಿದೆನಲ್ಲ, ಚೆನ್ನಾಗಿ ನಡೀತು ಅಂತ. ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದೆ. ಕತ್ತು ಮೇಲೆ ಮಾಡಿ, ಟೈ ಕಟ್ತೀನಿ.

ವಿವರವಾಗಿ ಹೇಳಲಾ? ನಿಮ್ಮ ಲೆಕ್ಕದಲ್ಲಿ ಕಟ್ಟಿದ ಹುಡುಗಿಯರ ಹಾಸ್ಟೆಲ್ ಮೇಲೆ ಇನ್ನೆರಡು ಮಹಡಿ ಎತ್ತಬೇಕು, ಒಮ್ಮೆ ಪರೀಕ್ಷೆ ಮಾಡಿಕೊಡಿ ಅಂತ ಹಾಸ್ಟೆಲಿನವರೇ ಕೇಳಿದ್ದು. ನಾನಾಗಿ ಹೋದದ್ದಲ್ಲ. ಅಲ್ಲಿ ಹೇಗಿದೆಯೋ ಹಾಗೇ ಲ್ಯಾಬಲ್ಲಿ ಒಂದು ಮಾದರಿ ಮಾಡಿಸಿದೆ. ಅದೇ ಗಾತ್ರದ ಕಂಬ, ಅದೇ ತೊಲೆ, ಎರಡೂ ಸೇರೋ ಕಡೆ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗು ನಿಮ್ಮ ಲೆಕ್ಕದ ಪ್ರಕಾರ ಬೇರೆಯವರು ಹಾಕೋದರ ಅರ್ಧಕ್ಕರ್ಧ. ಬಿರುಕು ಬಿಟ್ಟರೆ ಕಾಣಲಿ ಅಂತ ಮೈಯೆಲ್ಲ ಸುಣ್ಣ ಬಳಿಸಿದ್ದೆ. ಜಾಕ್ ಹಚ್ಚಿ ತೊಲೆಯನ್ನ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ… ಭೂಮಿ ನಡುಗಿದಾಗ ಆಗುತ್ತಲ್ಲ, ಹಾಗೆ. ಯಾಕೆ ನಗ್ತೀರಿ? ಇದನ್ನೆಲ್ಲ ಕಲಿಸಿದವರಿಗೇ ಪಾಠ ಒಪ್ಪಿಸ್ತಿದ್ದಾಳೆ ಅಂತಾನಾ?

ಅವತ್ತೂ ಹೀಗೇ ನಕ್ಕಿದ್ರಿ. ಆಗಿನ್ನೂ ನಾನು ನಿಮ್ಮ ಸೊಸೆಯಲ್ಲ, ನಿಮ್ಮ ಕೈಕೆಳಗೆ ಪಿಎಚ್‌ಡಿ ಮಾಡೋ ಹುಡುಗಿ. ನಿಮ್ಮ ಈ ಜೋಡಣೆಯ ಮಾದರಿಗಳೆಲ್ಲ ಮೊಣಕಾಲೆತ್ತರದವು, ಒಂದಕ್ಕೂ ಏನೂ ಆಗ್ತಿರಲಿಲ್ಲ. ನಾನು ಹಟ ಹಿಡಿದು ಒಂದನ್ನ ಆಳೆತ್ತರ ಮಾಡಿಸಿದೆ. ತೊಲೆ ಕಂಬ ಸೇರುವಲ್ಲೇ, ಈ ಮೂಲೆಯಿಂದ ಆ ಮೂಲೆಗೆ ಸೀಳಿಬಿಡ್ತು. ನೀವು ಬಂದ್ರಿ. ಸೀಳಿನೊಳಗೆ ಬೆರಳಿಟ್ಟು, ಪುಡಿ ತೆಗೆದು ಉಜ್ಜಿ ನೋಡಿದ್ರಿ. "ಕ್ಯೂರಿಂಗ್ ಸರಿಯಾಗಿಲ್ಲಮ್ಮ, ಇದನ್ನ ಲೆಕ್ಕಕ್ಕೆ ತಗೋಬೇಡ" ಅಂದ್ರಿ. ನೀರು ಹಾಕಿದ್ದು ನಾನೇ, ಸರ್, ರಜೆ ದಿನವೂ ಬಂದು ಗೋಣಿ ಒದ್ದೆ ಮಾಡಿದ್ದೀನಿ ಅಂದೆ. ನಕ್ಕು ಹೊರಟುಹೋದ್ರಿ. ಮಾರನೇ ದಿನ ಬಂದು ನೋಡ್ತೀನಿ, ಮಾದರಿನೇ ಇಲ್ಲ. ಒಡೆಸಿ, ಹಿತ್ತಲ ಗುಂಡಿಗೆ ತುಂಬಿಸಿಬಿಟ್ಟಿದ್ರಿ. ನಾನು ಆ ಖಾಲಿ ಜಾಗ ನೋಡ್ಕೊಂಡು ನಿಂತಿದ್ದೆ, ಹುಡುಗರೆಲ್ಲ ನನ್ನ ನೋಡ್ಕೊಂಡು ನಿಂತಿದ್ರು.

ಆಮೇಲೆ ನಿಮ್ಮ ಮಗ ಮೆಚ್ಚಿದ್ರು, ಈ ಮನೆಗೆ ಬಂದೆ. ಬಂದವರ ಮುಂದೆ ನೀವೇನು ಹೇಳ್ತಿದ್ರಿ? "ನಮ್ಮ ಸೊಸೆ ಕೈಯ ಕಾಫಿ ಕುಡಿದು ಹೋಗಿ." ಅಷ್ಟೇ. ನೀವು ನಿವೃತ್ತರಾಗಿ ನಾನು ನಿಮ್ಮ ಕುರ್ಚಿಯಲ್ಲಿ ಕೂತೆ. ಆಗಲೂ ಅದೇ ಕಾಫಿ… ಟೈ ಬಿಗಿಯಾಯ್ತಾ? ಹೇಳಬಾರದಾ ಮತ್ತೆ. ಇರಿ, ಸಡಿಲ ಮಾಡ್ತೀನಿ.

ಕೂರಬೇಡಿ, ಕೋಟು ಮುದುಡುತ್ತೆ. …ಸರಿ, ಕೂತ್ಕೊಳ್ಳಿ.

ನೀವೊಂದು ಮಾತು ಕೇಳಲೇ ಇಲ್ಲ, ಅಲ್ವಾ. ಎಷ್ಟು ಭಾರ ತಡೀತು ಅಂತ. ಬೇರೆಯವರ ಟೆಸ್ಟ್ ಆಗಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಕೇಳಿರ್ತಿದ್ರಿ. ನಾನು ಚೆನ್ನಾಗಿ ನಡೀತು ಅಂದೆ, ನೀವು ತಲೆ ಬಗ್ಗಿಸಿ ಊಟ ಮುಗಿಸಿದ್ರಿ. ಆಗಲೇ ಅಂದ್ಕೊಂಡೆ, ಇವರಿಗೆ ಗೊತ್ತಿದೆ. ನಿನ್ನೆ ಮೊನ್ನೆಯಿಂದಲ್ಲ. ಆ ಪುಡಿ ಬೆರಳಲ್ಲಿ ಉಜ್ಜಿದಾಗಲೇ ಗೊತ್ತಾಗಿತ್ತು.

ಮಾತಾಡಿ. ಸುಮ್ಮನಿದ್ದೇ ಎದುರಿನವರ ಬಾಯಿ ಬಿಡಿಸೋದು ನಿಮ್ಮ ಹಳೇ ವಿದ್ಯೆ. ವೈವಾ ಪರೀಕ್ಷೆಯಲ್ಲಿ ಹೀಗೇ ಕೂತು ಹುಡುಗರ ಬೆವರಿಳಿಸ್ತಿದ್ರಿ. ನನ್ನ ಹತ್ತಿರ ಅದೆಲ್ಲ ನಡೆಯಲ್ಲ.

…ನಿಲ್ಲಲಿಲ್ಲ ಮಾವ. ನೀವು ಲೆಕ್ಕದಲ್ಲಿ ಬರೆದಿದ್ದರ ಅರ್ಧ ಭಾರಕ್ಕೇ ಹೋಯ್ತು. ಮೊದಲು ಸುಣ್ಣದ ಮೇಲೆ ಕೂದಲಿನ ಹಾಗೆ ಒಂದು ಗೆರೆ, ಆಮೇಲೆ ಅದಕ್ಕೆ ಅಡ್ಡ ಇನ್ನೊಂದು. ನೋಡ್ತಾ ನೋಡ್ತಾ ಕಾಂಕ್ರೀಟು ಸಿಪ್ಪೆ ಸಿಪ್ಪೆಯಾಗಿ ಉದುರಿ, ಒಳಗಿನ ಕಂಬಿ ಹೊಟ್ಟೆ ಬಿಟ್ಕೊಂಡು ಹೊರಗೆ ಬಾಗಿತು. ಈಗ ನನ್ನ ಜೊತೆ ಕೆಲಸ ಮಾಡೋ ನಿಮ್ಮ ಹಳೇ ಶಿಷ್ಯರು ಸಾಲಾಗಿ ನಿಂತು ನೋಡ್ತಿದ್ರು. ಅವರಲ್ಲಿ ಒಬ್ಬರು ಮೆಲ್ಲಗೆ, "ಕ್ಯೂರಿಂಗ್ ಏನಾದ್ರೂ…" ಅಂದ್ರು. ನಾನು ತಿರುಗಿ ನೋಡಿದೆ. ಅವರೇ ಬಾಯಿ ಮುಚ್ಕೊಂಡ್ರು.

ಯಾಕೆ ಕಿಟಕಿ ಕಡೆ ನೋಡ್ತೀರಿ? ಹಾಸ್ಟೆಲ್ ಹುಡುಗಿಯರ ಯೋಚನೆ ಬಂತಾ? ಈಗಲಾದ್ರೂ ಬಂತಲ್ಲ. ಖಾಲಿ ಮಾಡಿಸ್ತಿದ್ದಾರೆ. ಹಾಸಿಗೆ ಸುತ್ಕೊಂಡು ಇಳೀತಿದ್ದಾರೆ ಎಲ್ಲರೂ. ಬೆಳಿಗ್ಗೆ ವರದಿ ಕೊಟ್ಟಿದ್ದು ನಾನೇ. ಜೋಡಣೆಗಳಿಗೆಲ್ಲ ಉಕ್ಕಿನ ಕವಚ ಹಾಕೋತನಕ ಅಲ್ಲಿ ಯಾರೂ ಮಲಗೋ ಹಾಗಿಲ್ಲ. ಕೊಡಬಾರದಿತ್ತು ಅಂತೀರಾ?

ಇಲ್ಲ. ನೀವು ಹೀಗೆ ನೋಡ್ತಿರೋದು ವರದಿ ಕೊಟ್ಟಿದ್ದಕ್ಕಲ್ಲ.

ನೋಡಬೇಡಿ ಹಾಗೆ. ಏನು ಕೇಳ್ತಿದ್ದೀರಿ ಅಂತ ಗೊತ್ತು ನನಗೆ. ಎಲ್ಲ ಗೊತ್ತಿದ್ದೂ ಈ ಕೋಟು ಯಾಕೆ ತೊಡಿಸಿದೆ ಅಂತ ತಾನೆ?

ಸಭೆಗೆ ಬರೋರಿಗೆಲ್ಲ ವಿಷಯ ಗೊತ್ತು ಮಾವ. ಮಧ್ಯಾಹ್ನ ಸಭೆ ಏರ್ಪಡಿಸಿದವರು ಫೋನ್ ಮಾಡಿದ್ರು, "ಮೇಡಂ, ಕಾರ್ಯಕ್ರಮ ಮುಂದಕ್ಕೆ ಹಾಕೋಣವಾ" ಅಂತ. ಬೇಡ ಅಂದೆ. ಮಾವ ಬಂದೇ ಬರ್ತಾರೆ, ಅವರಿಗೆ ಯಾರೂ ಏನೂ ಹೇಳೋದು ಬೇಡ ಅಂದೆ. ನಿಮ್ಮ ಮಗನಿಗೂ ಹೇಳಲಿಲ್ಲ. ಗುಂಡಿ ಹಾಕ್ತಾ ಹಾಕ್ತಾ ಅದನ್ನೇ ಕಣ್ಣ ಮುಂದೆ ತಂದ್ಕೊಳ್ತಿದ್ದೆ. ಅಷ್ಟು ಜನರ ನಡುವೆ ನಿಮಗೊಬ್ಬರಿಗೇ ಗೊತ್ತಿರಬಾರದು. ನೀವು ಎದ್ದು ನಿಂತು ನಿಮ್ಮ ಜೋಡಣೆ ಬಗ್ಗೆ ಮಾತಾಡಬೇಕು, ಎದುರಿಗೆ ಕೂತೋರೆಲ್ಲ ನೆಲ ನೋಡಬೇಕು. ಅದನ್ನ ನಾನು ಹಿಂದಿನ ಸಾಲಲ್ಲಿ ಕೂತು ನೋಡಬೇಕು. ಅಷ್ಟೇ ಆಸೆ ಇದ್ದದ್ದು.

ಬೈಯಿರಿ. ಒಂದು ಮಾತಾದರೂ ಬೈಬಾರದಾ?

ಕಾರು ಬಂತು. ಇಲ್ಲೇ ಇರಿ, ನಿಮಗೆ ಹುಷಾರಿಲ್ಲ ಅಂತ ಹೇಳಿ ಬರ್ತೀನಿ. ಕೋಟು ಬಿಚ್ಚಿಬಿಡಿ. …ಯಾಕೆ ಎದ್ರಿ? ನಾನು ಹೇಳಿದ್ದು ಕೇಳಿಸ್ತು ತಾನೆ? ಅಲ್ಲಿರೋರಿಗೆಲ್ಲ ಗೊತ್ತು ಅಂದೆ. ಗೊತ್ತಿದ್ದೂ ಹೋಗ್ತೀರಾ? ಹೋಗಿ ಏನು ಹೇಳ್ತೀರಿ ಅಲ್ಲಿ? ಮಾವ… ನನಗಾದರೂ ಹೇಳಿ.

ನಿಲ್ಲಿ. ಒಬ್ಬರೇ ಮೆಟ್ಟಿಲಿಳೀಬೇಡಿ. ಕೈ ಕೊಡಿ.