ಗೋಲಿಗೆ ಕಟ್ಟಿದ ಬೆಡ್‌ಶೀಟು

...ಅಯ್ಯೋ, ಗ್ಲೌಸ್ ಯಾಕೆ ಬ್ಯಾಗಿಗೆ ತುರುಕ್ತಿದ್ದೀಯ ಅಕ್ಕಾ? ಫೈನಲ್ ಶುರುವಾಗೋಕೆ ಹತ್ತೇ ನಿಮಿಷ! ನಿಮ್ಮ ಕೋಚ್ ಬಾಗಿಲಾಚೆ ಹಲ್ಲು ಕಡೀತಾ ನಿಂತಿದ್ದಾರೆ. 'ನಿಮ್ಮಕ್ಕ ಇವತ್ತು ಗೋಲು ಕಾಯಲ್ಲ ಅಂದ್ರೆ ತಂಡದಿಂದಲೇ ಆಚೆ, ಹೋಗಿ ಹೇಳು' ಅಂತ ನನ್ನ ಒಳಗೆ ತಳ್ಳಿದ್ರು. ನೋಡಿಲ್ಲಿ, ಬಾಗಿಲಿಗೆ ಬಡಿದು ಕೈ ಹೆಂಗೆ ಊದಿದೆ! ಈ ಕೈಯಲ್ಲಿ ನಾಳೆ ಯಾರದಾದ್ರೂ ಗಡ್ಡ ಕೆರೆದ್ರೆ ಕಿವೀನೂ ಜೊತೆಗೆ ಉದುರುತ್ತೆ!

ನಗಲ್ವಾ? ಸರಿ... ಸರಿ.

ಕೇಳು ಮತ್ತೆ. ಮೊನ್ನೆ ನಿನ್ನ ಸೆಮಿಫೈನಲ್ ನಡೀವಾಗ ನಾನೇನು ಮಾಡ್ದೆ ಗೊತ್ತಾ? ನಮ್ಮ ಸಲೂನ್ ಟಿವಿಗೆ ಶೇವಿಂಗ್ ನೊರೆ ಬಳಿದುಬಿಟ್ಟೆ! ತೆಳ್ಳಗೆ. ಸೌಂಡೂ ಬಂದ್. ಆಡ್ತಿರೋದು ಯಾರು ಅಂತ ತಿಳೀದಿದ್ರೆ ಜನ ಏನಂತಾರೆ ನೋಡೋಣ ಅಂತ. ಮೈದಾನದಲ್ಲಿ ಬರೀ ನೆರಳು ಓಡಾಡ್ತಿವೆ, ಗಂಡೋ ಹೆಣ್ಣೋ ದೇವರಿಗೇ ಗೊತ್ತು. ನೀನು ಮೂಲೆಗೆ ಹಾರಿ ಚೆಂಡು ತಳ್ಳಿದ್ಯಲ್ಲ... ಕುರ್ಚೀಲಿದ್ದ ಬಸ್ ಡ್ರೈವರು ಅರ್ಧ ಗಡ್ಡದಲ್ಲೇ ಎದ್ದು ನಿಂತ! 'ಏನ್ ಹಾರ್ತಾನಯ್ಯಾ, ಹುಲಿ, ಹುಲಿ!' ಆಗ ಟವೆಲ್ ತಗೊಂಡು ಒರೆಸ್ದೆ. ನಿನ್ನ ಜಡೆ ಕಾಣಿಸ್ತು. 'ಓ, ಹುಡುಗೀರಾ? ಅದಕ್ಕೇ ಚೆಂಡು ಮೆತ್ತಗೆ ಬಂತು' ಅಂದ, ಕೂತ್ಕೊಂಡ. ಅದೇ ಚೆಂಡು ಕಣೇ! ಅದೇ ಹಾರಾಟ! ನಿನ್ನಾಟದಲ್ಲಿ ಏನೂ ಕಮ್ಮಿ ಇಲ್ಲ, ಪೊರೆ ಇರೋದು ಅವರ ಕಣ್ಣಲ್ಲಿ.

ಹಂಗ್ಯಾಕೆ ನೋಡ್ತೀಯ?

ಓ... ಮ್ಯಾಚ್ ವಿಡಿಯೋ ಕೆಳಗಿನ ಆ ಕಾಮೆಂಟಾ? ನೀನು ಅಮ್ಮನಿಗೆ ಓದಿ ಹೇಳಿ ಅತ್ತಿದ್ಯಂತೆ, ಅಮ್ಮ ಅಂದ್ಲು. ಅದೇ ಸೆಮಿಫೈನಲಲ್ಲಿ ಆಮೇಲೆ ನಿನ್ನ ಕಾಲ ಸಂದೀಲಿ ಒಂದು ಗೋಲು ನುಗ್ಗಿದ್ದಕ್ಕೆ ಯಾವನೋ... 'ಗೋಲಿಗೆ ಹೆಣ್ಣನ್ನ ನಿಲ್ಲಿಸೋ ಬದಲು ಒಂದು ಬೆಡ್‌ಶೀಟ್ ಒಣಗಹಾಕಿ, ಅದೇ ಜಾಸ್ತಿ ತಡೆಯುತ್ತೆ.' ಅಷ್ಟೇ ತಾನೆ? ನಾಲ್ಕು ಸಾವಿರ ಲೈಕ್ ಬಂದ್ರೇನಂತೆ? ಬಿಡೇ! ನಾನಂತೂ ಅದನ್ನ ಕಣ್ಣಲ್ಲೂ ನೋಡಿಲ್ಲ, ಆಣೆ. 'ಹೆಣ್ಣು' ಅಂತ ಬರೆಯೋಕೂ ಬರದೆ 'ಎಣ್ಣು' ಅಂತ ಗೀಚಿರೋ ದಡ್ಡನ ಮಾತಿಗೆಲ್ಲ ನೀನು...

ಯಾಕೆ? ಯಾಕೆ ಎದ್ದೆ?

ಅಮ್ಮ... ಅಮ್ಮನೇ ಹೇಳಿದ್ಲು, ಕಾಗುಣಿತ ತಪ್ಪಿದೆ ಅಂತ.

...ಹೂಂ. ಅಮ್ಮನಿಗೆ ಓದೋಕೆ ಬರಲ್ಲ. ಗೊತ್ತು.

ಅಕ್ಕಾ, ಹತ್ತಿರ ಬರಬೇಡ. ಇಲ್ಲ, ಬಾ, ಎರಡು ಬಿಗಿ, ಪರವಾಗಿಲ್ಲ. ಅಂಗಡೀಲಿ ಎಲ್ಲಾ ನಗ್ತಿದ್ರು ಕಣೇ. ನಾನೂ ಒಂದು ಮಾತು ಸೇರಿಸ್ದೆ, ಬಿದ್ದು ಬಿದ್ದು ನಕ್ರು. ಆ ಡ್ರೈವರು ಬೆನ್ನು ತಟ್ಟಿ 'ಕಾಮೆಂಟಲ್ಲಿ ಹಾಕೋ ಇದನ್ನ' ಅಂದ... ಹಾಕ್ಬಿಟ್ಟೆ. ಟಿವಿ ಒರೆಸಿದ ಟವೆಲ್ ಇನ್ನೂ ಹೆಗಲ ಮೇಲೇ ಇತ್ತು! ಬರೀವಾಗ... ಬರೀವಾಗ ಅದು ನೀನು ಅಂತ ನೆನಪೇ ಆಗ್ಲಿಲ್ಲ ಅಕ್ಕಾ. ಯಾವುದೋ ಹುಡುಗಿ ಅಂತ...

ಕೋಚ್ ಬಾಗಿಲು ಬಡೀತಿದ್ದಾರೆ. ಏನಂತ ಹೇಳ್ಲಿ?

ನಾಲ್ಕು ಸಾವಿರ ಜನ ನಕ್ಕಿದ್ದಾರೆ... ನೀನೊಬ್ಳಾದ್ರೂ ಬಯ್ಯೇ.