ಇನ್ನೂ ಆರು ಊರು

ವಾಹನಗಳನ್ನು ಹೊಳೆ ದಾಟಿಸುವ ದೊಡ್ಡ ದೋಣಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ, ಮಂಚ, ಒಲೆ ಎಲ್ಲ ಇದ್ದ ದೊಡ್ಡ ವ್ಯಾನು ನಿಂತಿತ್ತು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ.

“ಬೆಳಿಗ್ಗೆ ಗಾಡಿ ಓಡಿಸುವಾಗ, ರಸ್ತೆ ಅಂಚಲ್ಲಿ ಬಲೆ ಒಣಹಾಕ್ತಿದ್ದ ಹೆಂಗಸು ನಿಮಗೆ ಕಾಣಿಸಲೇ ಇಲ್ಲ, ಅಲ್ವಾ?” ಹೆಂಡತಿ ಕೇಳಿದರು.

“ಬಿಸಿಲು ಕಣ್ಣಿಗೆ ಹೊಡೀತಿತ್ತು.”

“ಬಿಸಿಲು ನಮ್ಮ ಬೆನ್ನಿಗಿತ್ತು. ಎಲ್ಲಿ, ಆ ಬೋರ್ಡು ಓದಿ ನೋಡೋಣ.”

ಗಂಡ ದಿಟ್ಟಿಸಿ ನೋಡಿದರು; ಓದಲಾಗಲಿಲ್ಲ.

“ಡಾಕ್ಟ್ರು ಏನಂದಿದ್ರು?”

“ವರ್ಷದೊಳಗೆ ಕಣ್ಣು ಪೂರ್ತಿ ಹೋಗುತ್ತಂತೆ. ಅದಕ್ಕೇ ಹೊರಟಿದ್ದು. ನೋಡೋಕೆ ಕಡಲಂಚಿನ ಊರು ಇನ್ನೂ ಆರು ಉಳಿದಿವೆ ಕಣೇ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಮನೆ ಬಿಟ್ಟು ಹೊರಡ್ತಾನೇ ಇರಲಿಲ್ಲ.”

“ಕೀ ಕೊಡಿ.”

ಕೊಟ್ಟರು.

“ವಾಪಸ್ಸು ಹೋಗೋದಾ?”

“ಇಲ್ಲ. ನಾನು ಓಡಿಸ್ತೀನಿ. ನೀವು ಕಿಟಕಿ ಪಕ್ಕ ಕೂತು ಚೆನ್ನಾಗಿ ನೋಡ್ಕೊಳ್ಳಿ.”

ದೋಣಿ ಬಂತು. ವ್ಯಾನು ಎರಡು ಸಲ ಮುಗ್ಗರಿಸಿ, ಮೆಲ್ಲಗೆ ಅದರ ಮೇಲೇರಿತು.